ನೀ ಸಾಫ್ಟ್ ಆದ್ರೆ ಸಾಕು

ನಮ್ಮ ಭಾವನಿಗೆ ಹೃದಯಾಘಾತವಾದದ್ದು ಮಂಗಳವಾರ. ಅದು ಅವರಿಗೆ ಗೊತ್ತಾದದ್ದು ಗುರುವಾರ. ನಡುವೆ ಅದು ಬೀದಿಗೆಲ್ಲ ಗೊತ್ತಿತ್ತು. ಇಂಥ ವಿಷಯಗಳನ್ನು ರೋಗಿಗೆ ಎಲ್ಲರಿಗಿಂತ ಕೊನೆಯಲ್ಲಿ ತಿಳಿಸುವುದೇ ಮರ್ಯಾದೆ ಎಂಬುದು ನಮ್ಮ ಬೀದಿಯವರ ನಂಬಿಕೆ.

ಭಾವ ಎಂದರೆ ನಮ್ಮಕ್ಕನ ಗಂಡ, ಬಸ್ ಡಿಪೋದಲ್ಲಿ ಟೈಮ್ ಕೀಪರ್. ಬೆಳಿಗ್ಗೆ ಸಾಲಾಗಿ ನಿಂತ ಬಸ್ಸುಗಳನ್ನು ಒಂದೊಂದಾಗಿ ಹೊರಡಿಸುವುದು ಅವರ ಕೆಲಸ. ಅಷ್ಟು ಎಂಜಿನ್ನುಗಳ ಸದ್ದನ್ನು ಮೀರಿ ಡ್ರೈವರನ ಕಿವಿಗೆ ಮಾತು ಮುಟ್ಟಬೇಕಾದರೆ ಗಂಟಲು ಎಂಜಿನ್ನಿಗಿಂತ ದೊಡ್ಡದಿರಬೇಕು. ಭಾವನದು ಹಾಗೇ ಇತ್ತು. ಡ್ರೈವರುಗಳು ಅವರನ್ನು ಬೆನ್ನ ಹಿಂದೆ ಹಾರನ್ ಸಾಹೇಬರು ಎನ್ನುತ್ತಿದ್ದರು. ಮುಂದೆ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಡಿಪೋ ನಮ್ಮ ಮನೆಯಿಂದ ಎರಡು ಬೀದಿ ಆಚೆಗಿದೆ. ಬೆಳಿಗ್ಗೆ ಅಲ್ಲಿ ಅವರು "ಹೊರಡ್ರೋ" ಎಂದು ಕೂಗಿದರೆ ಇಲ್ಲಿ ನಮ್ಮ ಬೀದಿಯ ಮಕ್ಕಳು ಎದ್ದು ಹಲ್ಲುಜ್ಜುತ್ತಿದ್ದರು. ಆ ಗಂಟಲನ್ನು ಡಿಪೋದಲ್ಲೇ ಬಿಟ್ಟು ಮನೆಗೆ ಬರುವ ಅಭ್ಯಾಸ ಅವರಿಗಿರಲಿಲ್ಲ. ಉಪ್ಪು ಕೇಳಿದರೂ ಬಸ್ಸನ್ನು ಹಿಂದಕ್ಕೆ ತೆಗೆಸುವ ಹಾಗೆ ಕೇಳುತ್ತಿದ್ದರು. ಮನಸ್ಸು ಮಾತ್ರ ಬೆಣ್ಣೆ. ಆದರೆ ಆ ಬೆಣ್ಣೆ ಇರುವುದು ಯಾರಿಗೂ ಕೇಳಿಸುತ್ತಿರಲಿಲ್ಲ.

ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಹೊಲಿಯುವಾಗ ಹಾಡಿಕೊಳ್ಳುತ್ತಾಳೆ. ಯಾರದೋ ಹಾಡಲ್ಲ, ತಾನೇ ಕಟ್ಟಿದ್ದು. ಮಷೀನು ಓಡುವಾಗ ಹಾಡು, ನಿಂತರೆ ಮೌನ. ಹಾಗಾಗಿ ಅವಳ ಹಾಡನ್ನು ಮಷೀನಿನ ಸದ್ದಿಲ್ಲದೆ ಕೇಳಿದವರು ಯಾರೂ ಇರಲಿಲ್ಲ. ನಮ್ಮೂರಿನ ಸಣ್ಣ ರೇಡಿಯೋ ಕೇಂದ್ರದವರು ಭಾನುವಾರ ಬೆಳಿಗ್ಗೆ ಕೇಳುಗರ ಹಾಡುಗಳನ್ನೇ ಹಾಕುತ್ತೇವೆ, ಕಳಿಸಿ ಎಂದಾಗ ಭಾವ ಕುಣಿದಾಡಿಬಿಟ್ಟರು. ಅಕ್ಕ ಹಾಡುವುದು, ತಾವು ಡ್ರಮ್ ಬಾರಿಸುವುದು ಎಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವರು ಭಾವ. ಡಿಪೋದ ಬ್ಯಾಂಡಿನಲ್ಲಿ ಅವರು ಹಳೆಯ ಡ್ರಮ್ಮುಗಾರರು, ಮತ್ತು ಡ್ರಮ್ಮನ್ನೂ ಅವರು ಬಸ್ಸು ಹೊರಡಿಸುವ ಹಾಗೆಯೇ ಬಾರಿಸುತ್ತಾರೆ.

ಪ್ರಿಂಟಿಂಗ್ ಪ್ರೆಸ್ಸೊಂದರ ನೆಲಮಾಳಿಗೆಯಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡ ಒಬ್ಬ ಹೆಂಗಸಿದ್ದಾರೆ, ಎಲ್ಲರೂ ಸೌಂಡ್ ಮೇಡಂ ಎನ್ನುತ್ತಾರೆ. ಅಲ್ಲೇ ರೆಕಾರ್ಡಿಂಗ್ ಆಯಿತು. ಧ್ವನಿ ಬೇರೆ, ಡ್ರಮ್ ಬೇರೆ, ಹಿಂದೆ ಒಂದಿಷ್ಟು ತಂತಿವಾದ್ಯ ಬೇರೆ. ಇವನ್ನೆಲ್ಲ ಹದವಾಗಿ ಕೂಡಿಸುವುದಕ್ಕೆ ಮಿಕ್ಸಿಂಗ್ ಎನ್ನುತ್ತಾರಂತೆ, ಅದನ್ನು ನಾನು ಮಾಡಿಕೊಡುತ್ತೇನೆ ಎಂದರು ಮೇಡಂ. ಭಾವ ಒಪ್ಪಲಿಲ್ಲ. ದಿನಾ ಅಷ್ಟೊಂದು ಬಸ್ಸುಗಳನ್ನು ಒಂದಕ್ಕೊಂದು ತಾಗದ ಹಾಗೆ ಹೊರಡಿಸುವವನಿಗೆ ಮೂರು ಸದ್ದುಗಳನ್ನು ಹೊರಡಿಸುವುದು ಏನು ಮಹಾ ಎಂದು ಪೆನ್ ಡ್ರೈವ್ ಜೇಬಿಗೆ ಹಾಕಿಕೊಂಡು ಬಂದರು. ಎಲ್ಲವನ್ನೂ ಪೂರ್ತಿ ಸೌಂಡಿಗೆ ಇಟ್ಟು ಕಳಿಸಿದರು.

ರೇಡಿಯೋದವರು ಫೋನ್ ಮಾಡಿದಾಗ ಭಾವ ಅದನ್ನು ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು. ಹೊಗಳಿಕೆಗೆ ಸಾಕ್ಷಿಗಳು ಬೇಕಲ್ಲ. ಫೋನಿನಲ್ಲಿದ್ದ ಹುಡುಗಿ ಬಹಳ ಮರ್ಯಾದಸ್ಥೆ. ಡ್ರಮ್ ತುಂಬಾ ಸ್ಪಷ್ಟವಾಗಿದೆ ಎಂದಳು. ಆಮೇಲೆ, ಇದರಲ್ಲಿ ಯಾರಾದರೂ ಹಾಡುತ್ತಿದ್ದಾರೆಯೇ ಎಂದು ಕೇಳಿದಳು. ಒಟ್ಟಾರೆ ಹಾಡಿಗೆ ಜೀವ ಇಲ್ಲ, ಶುಕ್ರವಾರದವರೆಗೆ ಟೈಮ್ ಇದೆ, ಸರಿಮಾಡಿ ಕಳಿಸಿದರೆ ನೋಡೋಣ ಎಂದು ಫೋನಿಟ್ಟಳು.

ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಭಾವನ ಮುಖ ನೋಡಿ ನುಂಗಿಕೊಂಡೆ. ಅಕ್ಕ ದಾರ ಕಚ್ಚಿ ಕತ್ತರಿಸಿ, ಬಟ್ಟೆ ಮಡಿಸಿಟ್ಟು ಹೇಳಿದಳು.

"ಇನ್ನೊಂದ್ಸಲ ನಾನು ಹಾಡಲ್ಲ. ಈ ಹಾಡಲ್ಲೇ ಏನಾದ್ರೂ ಮಾಡೋಕಾದ್ರೆ ಮಾಡಿ. ಆಗ್ಲಿಲ್ಲ ಅಂದ್ರೆ ಇದೇ ಕೊನೆ. ಮನೇಲೂ ಇಲ್ಲ."

ಅವತ್ತಿನಿಂದ ಮಷೀನು ಓಡಿತು, ಹಾಡು ಓಡಲಿಲ್ಲ. ಬರಿ ಮಷೀನಿನ ಸದ್ದು ಎಷ್ಟು ಒರಟು ಎಂದು ನಮಗೆ ಆಗ ಗೊತ್ತಾಯಿತು. ಭಾವ ಅದನ್ನು ಕೇಳಿ ಕೇಳಿ, ಮಂಗಳವಾರ ಸಂಜೆ ಡಿಪೋದಿಂದ ಬಂದವರೇ ಮಾಳಿಗೆಯ ಸಣ್ಣ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಸೌಂಡ್ ಮೇಡಂಗೆ ಫೋನ್ ಮಾಡಿದರು.

ಮುಂದಿನದು ನನಗೆ ಆಮೇಲೆ ತಿಳಿದದ್ದು. ಆ ಹೊತ್ತಿಗೆ ನಾನು ನನ್ನ ಕನ್ನಡಕದ ಅಂಗಡಿಯಲ್ಲಿದ್ದೆ. ಹಾಡಿಗೆ ಜೀವ ಬರಿಸಲು ದೊಡ್ಡ ಯಂತ್ರವೇನೂ ಬೇಡ, ಒಂದೆರಡು ಸಾದಾ ಪ್ಲಗಿನ್ ಸಾಕು ಎಂದರಂತೆ ಮೇಡಂ. ಭಾವ ಲ್ಯಾಪ್‌ಟಾಪಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಮತ್ತೆ ಸಿಕ್ಕಿಸಿ, ಇನ್ ಆಯಿತು, ಜೀವ ಬರಲಿಲ್ಲ ಎಂದರಂತೆ. ಪ್ಲಗಿನ್ ಅಂದರೆ ಲ್ಯಾಪ್‌ಟಾಪಿನೊಳಗೇ ಕೂರುವ ಒಂದು ಸಣ್ಣ ಸಲಕರಣೆ ಎಂದು ಮೇಡಂ ತಿಳಿಸಿ ಹೇಳಿದರು. ಹೇಳಿದ ಕಡೆ ಒತ್ತಿದಾಗ ಪರದೆಯ ಮೇಲೆ ಅಂಗೈಯಗಲದ ಕಿಟಕಿಯೊಂದು ತೆರೆಯಿತು. ನಾಲ್ಕೈದು ತಿರುಗಣಿ, ನಡುವೆ ಒಂದು ಮುಳ್ಳು. ಅಕ್ಕನ ಧ್ವನಿ ಬಿಟ್ಟರೆ ಮುಳ್ಳು ಅದರ ಜೊತೆ ಉಸಿರಾಡಿದ ಹಾಗೆ ಏಳುತ್ತಿತ್ತು, ಬೀಳುತ್ತಿತ್ತು. ಭಾವ ಕಣ್ಣು ಬಾಯಿ ಬಿಟ್ಟುಕೊಂಡು ಬಹಳ ಹೊತ್ತು ಅದನ್ನೇ ನೋಡಿದರಂತೆ. ಆ ಕಡೆಯಿಂದ ಮೇಡಂ, ಲೈನಿನಲ್ಲಿದ್ದೀರಾ ಎಂದು ಕೇಳಬೇಕಾಯಿತು.

ಮೇಡಂ ಹೇಳಿದ ಪಾಠ ಇಷ್ಟು. ಧ್ವನಿಗೆ ಒಂದು ಹೊಸ್ತಿಲು ಹಾಕಿಕೊಳ್ಳಬೇಕು. ಧ್ವನಿ ಹೊಸ್ತಿಲು ದಾಟಿ ಎಗರಿದರೆ ಈ ಸಲಕರಣೆ ಅದರ ತಲೆಯ ಮೇಲೆ ಕೈಯಿಟ್ಟು ತಗ್ಗಿಸುತ್ತದೆ. ಎಗರುವುದು ತಗ್ಗಿದರೆ, ಒಟ್ಟು ಸೌಂಡನ್ನು ಏರಿಸಿ ಸಣ್ಣ ದನಿಯನ್ನೂ ಮೇಲೆ ತರಬಹುದು. ಕೈ ಎಷ್ಟು ಬೇಗ ಬೀಳುತ್ತದೆ ಎನ್ನುವುದಕ್ಕೆ ಅಟ್ಯಾಕ್ ಎನ್ನುತ್ತಾರೆ. ಎಷ್ಟು ಬೇಗ ಎದ್ದುಹೋಗುತ್ತದೆ ಎನ್ನುವುದಕ್ಕೆ ರಿಲೀಸ್. ಹದ ತಪ್ಪಿದರೆ ಹಾಡು ಪಂಪು ಹೊಡೆದ ಹಾಗೆ ಏದುಸಿರು ಬಿಡುತ್ತದೆ. ಡ್ರಮ್ಮಿನ ಮೇಲೂ ಇದನ್ನೇ ಕೂರಿಸಿ, ಅದರ ಲಗಾಮನ್ನು ಅಕ್ಕನ ಧ್ವನಿಯ ಕೈಗೆ ಕೊಡಬಹುದು. ಆಗ ಅವಳು ಬಾಯಿ ತೆರೆದಾಗಲೆಲ್ಲ ಡ್ರಮ್ ತಾನಾಗಿ ತಲೆ ತಗ್ಗಿಸುತ್ತದೆ.

ಭಾವ ಎಲ್ಲ ತಿರುಗಣಿಗಳನ್ನೂ ತಿರುಗಿಸಿ ವರದಿ ಒಪ್ಪಿಸತೊಡಗಿದರು. ಅವರ ವರದಿ ಮಾಳಿಗೆಯ ಕಿಟಕಿ ದಾಟಿ ಬೀದಿಬಾಗಿಲಿನ ಮೆಟ್ಟಿಲಿಗೆ ಬಂತು. ಮೆಟ್ಟಿಲಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದವರು ಎದುರುಮನೆಯ ನರ್ಸಮ್ಮ. ಆಸ್ಪತ್ರೆಯಲ್ಲಿ ಆಯುಷ್ಯ ಸವೆಸಿ ನಿವೃತ್ತಿಯಾದವರು. ನಿವೃತ್ತಿಯಾದ ಮೇಲೆ ಒಬ್ಬರೂ ಅವರ ಹತ್ತಿರ ಜ್ವರ ಕೂಡ ತೋರಿಸಲಿಲ್ಲ ಎಂಬ ಕೊರಗು ಅವರಿಗಿತ್ತು. ಅಂಥವರ ಕಿವಿಗೆ ಬಿದ್ದದ್ದು ಇದು.

"ಹೂಂ ಮೇಡಂ, ಅಟ್ಯಾಕ್ ಆಗಿದೆ. ಮೊದ್ಲು ಸ್ಲೋ ಇತ್ತು, ಈಗ ಒಂದೇ ಸಲಕ್ಕೆ ಬಂತು. ಪಂಪ್ ಸರಿಯಾಗಿ ಹೊಡೀತಿಲ್ಲ, ಏದುಸಿರು ಬರ್ತಿದೆ. ರಿಲೀಸ್ ಆಗೋ ಹಾಗೇ ಕಾಣ್ತಿಲ್ಲ. ನಮ್ಮನೆಯವಳಿಗೆ ಗೊತ್ತಾಗಬಾರ್ದು, ಅವಳು ತಡ್ಕೊಳ್ಳಲ್ಲ. ಹೇಗಾದ್ರೂ ಮಾಡಿ ಜೀವ ಉಳಿಸ್ಕೊಡಿ."

ನರ್ಸಮ್ಮ ತರಕಾರಿ ಚೀಲವನ್ನು ಮೆಟ್ಟಿಲಲ್ಲೇ ಬಿಟ್ಟು ಇಳಿದು ಹೋದರು. ಅರ್ಧ ಕಥೆ ಅವರ ಜೊತೆ ಹೋಯಿತು, ಇನ್ನರ್ಧ ಮಾಳಿಗೆಯಲ್ಲೇ ಉಳಿಯಿತು.

ಯಾಕೆಂದರೆ ಆಮೇಲೆ ಮೇಡಂ ಮುಖ್ಯವಾದ ಮಾತು ಹೇಳಿದರು. ಅಲ್ಲಿಯವರೆಗೆ ಸರ್, ನೀವು, ತಾವು ಎಂದು ಬಹುವಚನದಲ್ಲೇ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ಏಕವಚನಕ್ಕೆ ಇಳಿದರು.

"ನಂಗೆ ಈಗ ಗೊತ್ತಾಯ್ತು ನೋಡಿ ಸರ್. ನೀ ತುಂಬಾ ಹಾರ್ಡ್. ಅದಕ್ಕೇ ಅವರ ಧ್ವನಿ ಉಸಿರುಗಟ್ತಿದೆ. ನೀ ಸಾಫ್ಟ್ ಆದ್ರೆ ಸಾಕು, ತಾನಾಗೇ ಅರಳತ್ತೆ."

ಭಾವ ಬೆಪ್ಪಾದರು. ಡಿಪೋ ಮ್ಯಾನೇಜರೇ ಅವರನ್ನು ನೀವು ಎನ್ನುವಾಗ, ನಿನ್ನೆ ಮೊನ್ನೆ ಪರಿಚಯವಾದ ಹೆಂಗಸು ನೀ ಎನ್ನುವುದೆಂದರೇನು. ಬೈಯಬೇಕೆಂದು ಬಾಯಿ ತೆರೆದರು. ಆದರೆ ತೆರೆದ ಬಾಯಿ ಹಾಗೇ ನಿಂತಿತು. ಗುರುವಾದವರು ಶಿಷ್ಯನನ್ನು ಕರೆಯುವುದು ಏಕವಚನದಲ್ಲೇ ಅಲ್ಲವೇ. ನೀವು ಎನ್ನುವಾಗ ಹೇಳುವುದು ಮಾಹಿತಿ; ನೀ ಎಂದಾಗ ಹೇಳುವುದು ಉಪದೇಶ. ನೀ ತುಂಬಾ ಹಾರ್ಡ್. ಮದುವೆಯಾದಾಗಿನಿಂದ ಅಕ್ಕ ಹೇಳದೆ ಉಳಿಸಿಕೊಂಡದ್ದನ್ನು ಈ ಹೆಂಗಸು ಒಂದು ಫೋನಿನಲ್ಲಿ ಕಂಡುಹಿಡಿದುಬಿಟ್ಟಳು ಎಂದು ಭಾವನಿಗೆ ಮೈ ಜುಮ್ಮೆಂದಿತಂತೆ. ಸರಿ ಮೇಡಂ, ಇವತ್ತಿನಿಂದಲೇ ಆಗ್ತೀನಿ ಎಂದು ಫೋನಿಟ್ಟರು. ಆಗ್ತೀನಿ ಎಂದದ್ದು ಮೇಡಂಗೆ ವಿಚಿತ್ರವೆನಿಸಿತಾದರೂ ಅವರು ಸುಮ್ಮನಾದರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಬುಧವಾರ ಬೆಳಿಗ್ಗೆ ನರ್ಸಮ್ಮ ನನ್ನ ಅಂಗಡಿಗೆ ಬಂದು, ಬಾಗಿಲನ್ನು ಅರ್ಧ ಮುಚ್ಚಿ, ನಿಮ್ಮ ಭಾವನಿಗೆ ಅಟ್ಯಾಕ್ ಆಗಿದೆ ಎಂದರು. ಅದು ಎರಡನೆಯದು ಇದ್ದರೂ ಇರಬಹುದು ಎಂದರು. ಯಾರೋ ಲೇಡಿ ಡಾಕ್ಟರ ಹತ್ತಿರ ಗುಟ್ಟಾಗಿ ತೋರಿಸುತ್ತಿದ್ದಾರೆ, ನಾವು ಅವರನ್ನು ಕೇಳಲೇಬಾರದು, ಗಾಬರಿಯಾದರೆ ಇನ್ನೊಂದು ಬರುತ್ತದೆ ಎಂದು ಎಚ್ಚರಿಸಿದರು. ನಾನು ನಂಬಲಿಲ್ಲ. ಆ ಗಂಟಲಿನವರಿಗೆ ಅಟ್ಯಾಕ್ ಆಗಿದ್ದರೆ ಎರಡು ಬೀದಿಗೆ ಕೇಳಿಸಬೇಕಿತ್ತು ಎಂದೆ.

"ಇವತ್ತು ಬೆಳಿಗ್ಗೆ ಕೇಳಿಸ್ತಾ?" ಎಂದರು ನರ್ಸಮ್ಮ.

ಕೇಳಿಸಿರಲಿಲ್ಲ. ಬೀದಿಯ ಮಕ್ಕಳೆಲ್ಲ ಅವತ್ತು ಹಲ್ಲುಜ್ಜದೆ ಶಾಲೆಗೆ ಓಡಿದ್ದರು.

ಡಿಪೋದಲ್ಲಿ ಅದೇ ಹೊತ್ತಿಗೆ ಇನ್ನೂ ಘೋರವಾದದ್ದು ನಡೆಯುತ್ತಿತ್ತು. ಭಾವ ಮೊದಲ ಬಸ್ಸಿನ ಹತ್ತಿರ ಹೋಗಿ, ಕಿಟಕಿಯ ಮೇಲೆ ಮೆಲ್ಲಗೆ ಬೆರಳು ತಟ್ಟಿ, ನಿಮಗೆ ತೊಂದರೆ ಇಲ್ಲ ಎಂದರೆ ಹೊರಡಬಹುದಾ ಎಂದು ಕೇಳಿದರಂತೆ. ಇಪ್ಪತ್ತು ವರ್ಷದಿಂದ ಬೈಗುಳ ತಿಂದು ಗಟ್ಟಿಯಾದ ಡ್ರೈವರು ಎಂಜಿನ್ ಆರಿಸಿ ಕೆಳಗಿಳಿದು, ನಾನು ಏನು ತಪ್ಪು ಮಾಡಿದೆ ಎಂದು ಕೇಳಿದ. ಏನೂ ಇಲ್ಲಪ್ಪ, ಹುಷಾರಾಗಿ ಹೋಗಿ ಬಾ ಎಂದರು ಭಾವ. ಕೆಲಸದಿಂದ ತೆಗೆಯುವ ಮುಂಚೆ ಮಾತ್ರ ಜನ ಹೀಗೆ ಮಾತಾಡುವುದನ್ನು ಕಂಡಿದ್ದ ಅವನು ಇಡೀ ದಾರಿ ಅತ್ತುಕೊಂಡೇ ಬಸ್ಸು ಓಡಿಸಿದ. ಮಧ್ಯಾಹ್ನದ ಹೊತ್ತಿಗೆ ಅಟ್ಯಾಕಿನ ಸುದ್ದಿ ಡಿಪೋಗೂ ಬಂತು. ಹಾಗಾದರೆ ಕೆಲಸ ಹೋಗುವುದಿಲ್ಲ, ಸಾಹೇಬರು ಹೋಗುತ್ತಾರೆ ಎಂದು ಗೊತ್ತಾಗಿ ಅವನು ಇನ್ನೂ ಹೆಚ್ಚು ಅತ್ತ.

ಸಂಜೆ ಭಾವ ನನ್ನ ಅಂಗಡಿಗೇ ಬಂದರು. ಕನ್ನಡಕದ ಕಾಲು ಸಡಿಲವಾಗಿತ್ತು, ಸಣ್ಣ ಅಕ್ಷರ ಕಾಣುತ್ತಿಲ್ಲ ಎಂದರು. ಬಾಗಿಲನ್ನು ಎಷ್ಟು ಮೆಲ್ಲಗೆ ತೆರೆದರೆಂದರೆ ಅವರು ಎದುರು ಕೂತ ಮೇಲೇ ನನಗೆ ಗೊತ್ತಾದದ್ದು. ನಾನು ಸ್ಕ್ರೂ ಬಿಗಿ ಮಾಡುತ್ತ, ಮುಖ ನೋಡದೆ, ಆರೋಗ್ಯ ಹೇಗಿದೆ ಭಾವ ಎಂದೆ. ಅವರು ನಿಟ್ಟುಸಿರು ಬಿಟ್ಟರು.

"ಇಷ್ಟು ವರ್ಷ ತುಂಬಾ ಹಾರ್ಡ್ ಆಗ್ಬಿಟ್ಟೆ ಕಣೋ. ಅದಕ್ಕೇ ಇಲ್ಲಿಗೆ ಬಂದು ನಿಂತಿದೆ. ಶುಕ್ರವಾರದವರೆಗೆ ಟೈಮ್ ಕೊಟ್ಟಿದಾರೆ. ನಿಮ್ಮಕ್ಕಂಗೆ ಏನೂ ಹೇಳ್ಬೇಡ."

ರೇಡಿಯೋದವರು ಹೇಳಿದ್ದೂ ಶುಕ್ರವಾರವೇ ಎಂಬುದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ. ಭಯ ಒಳಗೆ ಬಂದ ಕೂಡಲೇ ಬುದ್ಧಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತದೆ. ಸ್ಕ್ರೂ ನನ್ನ ಬೆರಳಿಂದ ಜಾರಿ ಎಲ್ಲೋ ಬಿತ್ತು. ಇಂಥ ಸಮಯದಲ್ಲಿ ಹಳೆಯ ಭಾವನಾದರೆ ಅಂಗಡಿಯ ಗಾಜೆಲ್ಲ ನಡುಗುವ ಹಾಗೆ ಬೈಯುತ್ತಿದ್ದರು. ಈ ಭಾವ ನೆಲದ ಮೇಲೆ ಕೂತು ನನ್ನ ಜೊತೆ ಸ್ಕ್ರೂ ಹುಡುಕಿದರು. ನನಗೆ ಅಲ್ಲೇ ಅಳು ಬಂತು.

ಗುರುವಾರ ಬೆಳಿಗ್ಗೆ ಭಾವನ ಅಕ್ಕ ಬಂದಿಳಿದರು. ಅಪ್ಪನ ಕಾಲದ ಒಂದು ಕಬ್ಬಿಣದ ಬೀರುವಿನ ವಿಷಯಕ್ಕೆ ಅಕ್ಕ ತಮ್ಮಂದಿರ ನಡುವೆ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಸುದ್ದಿ ಹೋಗಿದ್ದರೂ ಅವರು ಪೂರ್ತಿ ನಂಬಿರಲಿಲ್ಲ. ಬೀರು ಕೊಡಬೇಕಾಗುತ್ತದೆ ಎಂದು ನಾಟಕ ಇರಬಹುದು ಎಂಬ ಅನುಮಾನದಲ್ಲೇ ಒಳಗೆ ಬಂದವರು. ಭಾವ ಮಾಳಿಗೆಯಿಂದ ಇಳಿದು ಬಂದು, ಅವರ ಚೀಲವನ್ನು ತಾವೇ ತೆಗೆದುಕೊಂಡರು.

"ಬೀರು ನೀನೇ ತಗೊಂಡ್ಹೋಗಕ್ಕ. ನಂಗ್ಯಾಕೆ ಇನ್ನು."

ಆ ಕ್ಷಣಕ್ಕೆ ಅವರ ಅಕ್ಕನಿಗೆ ಪೂರ್ತಿ ನಂಬಿಕೆ ಬಂತು. ಬೀರುವಿಗೇ ತಲೆಯಾನಿಸಿಕೊಂಡು ಅಳತೊಡಗಿದರು. ಭಾವ ಅವರ ಬೆನ್ನು ಸವರಿ ಸಮಾಧಾನ ಮಾಡಿ, ಸ್ವಲ್ಪ ಕೆಲಸ ಇದೆ ಎಂದು ಮತ್ತೆ ಮಾಳಿಗೆಗೆ ಹೋದರು. ಸಾಯುವ ಮುಂಚೆ ಮನುಷ್ಯ ಎಷ್ಟು ಒಳ್ಳೆಯವನಾಗುತ್ತಾನೆ ನೋಡು ಎಂದು ಅವರ ಅಕ್ಕ ನನ್ನ ಕಿವಿಯಲ್ಲಿ ಹೇಳಿದರು. ಹೇಳುವಾಗಲೂ ಒಂದು ಕೈ ಬೀರುವಿನ ಮೇಲೇ ಇತ್ತು.

ಇಷ್ಟೆಲ್ಲ ನಡೆಯುವಾಗ ನಮ್ಮಕ್ಕನಿಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ. ಅವಳು ಅಡುಗೆಮನೆಗೆ ನನ್ನನ್ನು ಕರೆದು ಬೇರೆಯೇ ಲೆಕ್ಕ ಹೇಳಿದಳು.

"ಹಾಡು ಹೋಯ್ತು ಕಣೋ. ಸರಿ ಮಾಡೋಕಾಗ್ಲಿಲ್ಲ ಅಂತ ಕಾಣತ್ತೆ, ಅದಕ್ಕೇ ನನ್ನ ಹತ್ರ ಇಷ್ಟು ಮೆತ್ತಗೆ ಮಾತಾಡ್ತಿದಾರೆ. ಅವರು ಬೈದಿದ್ರೇ ಚೆನ್ನಾಗಿತ್ತು."

ಅವಳ ಕಣ್ಣು ಒದ್ದೆಯಾಗಿತ್ತು. ಗಂಡ ಸಾಯುತ್ತಿದ್ದಾನೆ ಎಂದು ಗೊತ್ತಿಲ್ಲದೆ ಹಾಡು ಸತ್ತಿತು ಎಂದು ಅಳುತ್ತಿದ್ದಾಳಲ್ಲ ಎಂದುಕೊಂಡೆ. ನಿಜವಾಗಿ ನೋಡಿದರೆ ಆ ಮನೆಯಲ್ಲಿ ಅಳುವುದಕ್ಕೆ ಸರಿಯಾದ ಕಾರಣ ಇಟ್ಟುಕೊಂಡಿದ್ದವಳು ಅವಳೊಬ್ಬಳೇ.

ಸಂಜೆಯ ಹೊತ್ತಿಗೆ ನಡುಮನೆ ತುಂಬಿತು. ನರ್ಸಮ್ಮ ರಕ್ತದೊತ್ತಡ ನೋಡುವ ತಮ್ಮ ಹಳೆಯ ಪಟ್ಟಿ ತಂದಿದ್ದರು. ಡಿಪೋ ಮ್ಯಾನೇಜರು ಹಣ್ಣು ತಂದಿದ್ದರು. ಅಳುವ ಡ್ರೈವರು ಬಾಗಿಲ ಹತ್ತಿರ ನಿಂತಿದ್ದ. ಎಲ್ಲರೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದರು. ಆ ಮನೆ ಕಟ್ಟಿದ ಮೇಲೆ ಅದರಲ್ಲಿ ಅಷ್ಟು ಮೌನ ಇದ್ದದ್ದು ಅದೇ ಮೊದಲು. ಇಷ್ಟು ಜನ ಯಾಕೆ ಬಂದಿದ್ದಾರೆ ಎಂದು ಅಕ್ಕ ಕೇಳಿದ್ದಕ್ಕೆ ಮ್ಯಾನೇಜರು ಗಾಬರಿಯಾಗಿ, ಸುಮ್ಮನೆ ಹಣ್ಣು ತಿನ್ನೋಣ ಅಂತ ಎಂದುಬಿಟ್ಟರು.

ಆಗ ಭುಜಕ್ಕೊಂದು ಚೀಲ ಹಾಕಿಕೊಂಡ ನಡುವಯಸ್ಸಿನ ಹೆಂಗಸೊಬ್ಬರು ಒಳಗೆ ಬಂದು, ಮಾಳಿಗೆಯ ಮೆಟ್ಟಿಲು ಯಾವ ಕಡೆ ಎಂದು ಕೇಳಿದರು. ನರ್ಸಮ್ಮ ಎದ್ದು ಅಡ್ಡ ನಿಂತರು.

"ಅವರನ್ನ ನೋಡ್ಕೊತಿರೋದು ನೀವೇನಾ?"

"ಹೌದು, ಫೋನಲ್ಲೇ ಹೇಳ್ತಿದ್ದೆ. ಇವತ್ತು ಒಂದ್ಸಲ ಬಂದು ನೋಡ್ಬಿಡಿ ಅಂದ್ರು."

"ಹೇಗಿದೆ ಈಗ?"

"ಮೊನ್ನೆವರೆಗೂ ಜೀವ ಇರ್ಲಿಲ್ಲ. ಮಧ್ಯಾಹ್ನ ಬಂತು ಅಂತ ಅವರೇ ಫೋನ್ ಮಾಡಿದ್ರು. ನಂಗೆ ನಂಬಿಕೆ ಇಲ್ಲ, ಅದಕ್ಕೇ ಬಂದೆ."

ಫೋನಿನಲ್ಲೇ ಹೃದಯ ನೋಡುವ ಡಾಕ್ಟರನ್ನು ನರ್ಸಮ್ಮ ಎಂದೂ ಕಂಡಿರಲಿಲ್ಲ. ಅವರು ಮೇಡಂ ಅವರನ್ನು ಸರಿಸಿ ಮಾಳಿಗೆ ಹತ್ತಿದರು, ಅವರ ಹಿಂದೆ ಮೇಡಂ, ಮ್ಯಾನೇಜರು, ಡ್ರೈವರು, ಭಾವನ ಅಕ್ಕ, ನಾನು. ಏನಾಯಿತೆಂದು ತಿಳಿಯದೆ ಎಲ್ಲರಿಗಿಂತ ಹಿಂದೆ ನಮ್ಮಕ್ಕ. ಕೋಣೆಯ ಬಾಗಿಲು ತೆರೆದರೆ ಭಾವ ಮಂಚದ ಮೇಲೆ ದಿಂಬಿಗೆ ಒರಗಿದ್ದಾರೆ. ಕಣ್ಣು ಮುಚ್ಚಿದೆ. ತಲೆಗೆ ತಂತಿ ಸುತ್ತಿದೆ. ಪಕ್ಕದ ಪರದೆಯಲ್ಲಿ ಏರಿಳಿಯುವ ಗೆರೆ. ನಾವು ನೋಡುತ್ತಿದ್ದಂತೆ ಆ ಗೆರೆ ಓಡಿ ಓಡಿ ಚಪ್ಪಟೆಯಾಗಿ ನಿಂತುಬಿಟ್ಟಿತು. ಭಾವನ ಕಣ್ಣಿಂದ ಒಂದು ಹನಿ ನೀರು ಇಳಿಯಿತು.

ಭಾವನ ಅಕ್ಕ ಚೀರಿದರು. ನರ್ಸಮ್ಮ ಹಾರಿ ಎದೆಯ ಮೇಲೆ ಎರಡೂ ಕೈಯಿಟ್ಟು ಒತ್ತತೊಡಗಿದರು. ಡ್ರೈವರು ಕಾಲು ಹಿಡಿದುಕೊಂಡ. ಒಂದು ಕ್ಷಣ ಅಷ್ಟೇ. ಆಮೇಲೆ ಆ ಕೋಣೆಯಲ್ಲಿ ಎಂಟು ಬಸ್ಸಿನ ಹಾರನ್ನು ಒಟ್ಟಿಗೆ ಕೂಗಿದ ಹಾಗಾಯಿತು.

"ಯಾರ್ರೀ ಅದು! ಮನುಷ್ಯ ಕಣ್ಮುಚ್ಚಿ ಹಾಡು ಕೇಳಂಗೂ ಇಲ್ವೇನ್ರೀ ಈ ಮನೇಲಿ!"

ಕಿಟಕಿಯ ಗಾಜು ನಡುಗಿತು. ಬೈಗುಳ ಕೇಳಿ ಡ್ರೈವರಿನ ಮುಖ ಅರಳಿತು. ಸಾಹೇಬ್ರು ಹುಷಾರಾದ್ರು ಎಂದು ಅವನು ಮ್ಯಾನೇಜರನ್ನೇ ತಬ್ಬಿಕೊಂಡ.

ಗಂಟು ಬಿಡಿಸಲು ಸ್ವಲ್ಪ ಹೊತ್ತು ಹಿಡಿಯಿತು. ಯಾವ ಡಾಕ್ಟರೂ ಇಲ್ಲ, ಇವರು ಸೌಂಡ್ ಮೇಡಂ. ಅಟ್ಯಾಕ್ ಎನ್ನುವುದು ಒಂದು ತಿರುಗಣಿ, ರಿಲೀಸ್ ಇನ್ನೊಂದು. ಪಂಪು, ಏದುಸಿರು ಎಲ್ಲ ಹಾಡಿನದು. ತಮಗೆ ಹೃದಯಾಘಾತವಾದ ಸುದ್ದಿಯನ್ನು ಭಾವ ಹೀಗೆ ಎಲ್ಲರಿಗಿಂತ ಕೊನೆಯಲ್ಲಿ ಕೇಳಿ ಮಂಚದ ಮೇಲೆ ಕುಸಿದು ಕೂತರು. ಅದೆಲ್ಲ ಸರಿ, ಹಾಗಾದರೆ ಇವರು ಮೂರು ದಿನದಿಂದ ಯಾಕೆ ಇಷ್ಟು ಮೆತ್ತಗಾದರು ಎಂದು ಮ್ಯಾನೇಜರು ಕೇಳಿದರು. ಭಾವ ಮೇಡಂ ಕಡೆ ಕೈ ತೋರಿಸಿ, ಅವರೇ ಹೇಳಿದರಲ್ಲ ಎಂದರು. ನೀ ಹಾರ್ಡ್, ನೀ ಸಾಫ್ಟ್ ಆಗು ಎಂದು ಬಾಯಿಬಿಟ್ಟು ಹೇಳಿದರಲ್ಲ.

ಮೇಡಂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು.

"ಸರ್, ಅದು ಕನ್ನಡದ ನೀ ಅಲ್ಲ, ಇಂಗ್ಲಿಷಿಂದು. ನೀ. ಮಂಡಿ. ಸೌಂಡ್ ಬಗ್ಗೋ ಜಾಗಕ್ಕೆ ಇಂಗ್ಲಿಷಲ್ಲಿ ಮಂಡಿ ಅಂತಾರೆ. ಈ ಮೂಲೇಲಿ ಒಂದು ಸಣ್ಣ ಬಟನ್ ಇದೆ ನೋಡಿ, ಅದನ್ನ ಒತ್ತಿ ಅಂದಿದ್ದು."

ಕೋಣೆಯಲ್ಲಿ ಎದ್ದ ನಗು ಅಂತಿಂಥದ್ದಲ್ಲ. ಬೆಟ್ಟ ಅಗೆದು ಇಲಿ ಹಿಡಿದವರನ್ನು ಕೇಳಿದ್ದೇವೆ, ಮಂಡಿ ಹುಡುಕಲು ಹೋಗಿ ಸಜ್ಜನರಾದವರನ್ನು ಕಂಡದ್ದು ಅದೇ ಮೊದಲು. ನಗದೆ ನಿಂತವರು ಇಬ್ಬರೇ: ಭಾವ ಮತ್ತು ಬಾಗಿಲಿನ ಚೌಕಟ್ಟಿಗೆ ಒರಗಿದ್ದ ಅಕ್ಕ. ಭಾವನ ಮುಖ ಕೆಂಪಾಗಿ, ಗಂಟಲಿನ ನರ ಉಬ್ಬಿ, ಹಾರನ್ ಇನ್ನೇನು ಕೂಗಬೇಕು ಎನ್ನುವಾಗ ಮೇಡಂ ಪರದೆಯ ಹತ್ತಿರ ಬಗ್ಗಿ, ಹಾಗಾದ್ರೆ ನೀವು ಇದನ್ನ ಒತ್ತಲೇ ಇಲ್ವಾ ಎಂದರು. ನೀ ಹಾರ್ಡಾಗೇ ಇದೆ. ಅಟ್ಯಾಕೂ ಎಲ್ಲೋ ಇದೆ. ಮತ್ತೆ ಜೀವ ಹೇಗೆ ಬಂತು? ಅವರು ಹೆಡ್‌ಫೋನಿನ ತಂತಿಯನ್ನು ಕಿತ್ತು, ಹಾಡನ್ನು ಎಲ್ಲರಿಗೂ ಕೇಳುವಂತೆ ಬಿಟ್ಟರು.

ನಾನು ಹಾಡುಗಳ ವಿಷಯ ತಿಳಿದವನಲ್ಲ. ಆದರೂ ಅವತ್ತು ಕೇಳಿದ್ದನ್ನು ಹೇಳದಿರಲಾರೆ. ಮೊದಲು ಡ್ರಮ್ ಬಂತು, ಭಾವನದೇ ಡ್ರಮ್, ಬಸ್ಸು ಹೊರಟ ಹಾಗೆ. ಆ ಸದ್ದು ಸಟಕ್ಕನೆ ತಲೆ ತಗ್ಗಿಸಿತು. ತಗ್ಗಿದ ಜಾಗದಲ್ಲಿ ಅಕ್ಕ ಉಸಿರು ಎಳೆದುಕೊಂಡದ್ದು ಕೇಳಿಸಿತು. ನಮ್ಮ ಕಿವಿಯ ಪಕ್ಕದಲ್ಲೇ ನಿಂತು ಉಸಿರಾಡಿದ ಹಾಗೆ.

ಸೂಜಿ ಹೋದ ದಾರಿಯಲ್ಲೇ ನಾನು ಬರುವ ದಾರ
ಕಾಣದಂತೆ ಹಿಡಿದುಕೊಂಡೆ ನಿನ್ನ ಅಂಗಿ ಭಾರ

ಆ ಹಾಡಲ್ಲಿ ದಾರ ಎಂಬ ಮಾತಿದೆ ಎಂದು ನನಗೆ ಅವತ್ತು ಗೊತ್ತಾಯಿತು. ಅಷ್ಟು ವರ್ಷ ಅದು ಮಷೀನಿನ ಕೆಳಗಿತ್ತು, ಆಮೇಲೆ ಡ್ರಮ್ಮಿನ ಕೆಳಗಿತ್ತು. ಈಗ ಅವಳ ಅತಿ ಸಣ್ಣ ದನಿಯೂ ಕೋಣೆಯ ಮೂಲೆಮೂಲೆಗೆ ಹೋಗಿ ಮುಟ್ಟುತ್ತಿತ್ತು. ಅವಳು ಸಾಲು ಮುಗಿಸಿದ ಕೂಡಲೇ ಡ್ರಮ್ ಎದ್ದು ನಿಲ್ಲುತ್ತಿತ್ತು, ಅವಳು ಬಾಯಿ ತೆರೆದ ಕೂಡಲೇ ಬಗ್ಗುತ್ತಿತ್ತು. ಹಾಗೆ ಬಗ್ಗಿ ಎದ್ದು, ಬಗ್ಗಿ ಎದ್ದು, ಹಾಡಿಗೆ ಒಂದು ನಡಿಗೆಯೇ ಬಂದುಬಿಟ್ಟಿತ್ತು. ಮೂರು ದಿನದಿಂದ ಏದುಸಿರಿನ ಮಾತಾಡುತ್ತಿದ್ದ ನರ್ಸಮ್ಮ ತಮ್ಮ ಉಸಿರನ್ನೇ ಬಿಗಿಹಿಡಿದು ನಿಂತಿದ್ದರು. ಹಾಡು ಮುಗಿದು ಪರದೆಯ ಗೆರೆ ಚಪ್ಪಟೆಯಾಯಿತು. ಆ ಗೆರೆ ಚಪ್ಪಟೆಯಾದಾಗ ಮೊದಲ ಸಲ ನಾವು ಯಾಕೆ ಹೆದರಿದೆವು, ಭಾವ ಯಾಕೆ ಅತ್ತರು ಎಂದು ಎಲ್ಲರಿಗೂ ಆಗ ಅರ್ಥವಾಯಿತು.

ತಿರುಗಣಿಗಳು ಎಲ್ಲೆಲ್ಲೋ ಇದ್ದರೂ ಡ್ರಮ್ಮನ್ನು ಇವರು ಎಷ್ಟು ತಗ್ಗಿಸಿದ್ದಾರೆಂದರೆ ತಪ್ಪೆಲ್ಲ ಮುಚ್ಚಿಹೋಗಿದೆ ಎಂದರು ಮೇಡಂ. ಸ್ವಂತ ವಾದ್ಯವನ್ನು ಇಷ್ಟು ತಗ್ಗಿಸಿದ ಮನುಷ್ಯನನ್ನು ನಾನು ಇನ್ನೂ ನೋಡಿಲ್ಲ ಎಂದರು.

ಅಕ್ಕ ಒಳಗೆ ಬಂದಳು. ಪರದೆಯನ್ನು ನೋಡಿದಳು, ಗಂಡನನ್ನು ನೋಡಿದಳು.

"ನಿಮ್ಮ ಡ್ರಮ್ ಎಲ್ರೀ ಹೋಯ್ತು?"

ಭಾವ ಹಾರನ್ ಸಾಹೇಬರ ದನಿಯಲ್ಲೂ ಹೇಳಲಿಲ್ಲ, ಮೂರು ದಿನದ ಸಾಧುವಿನ ದನಿಯಲ್ಲೂ ಹೇಳಲಿಲ್ಲ. ನಾವು ಕೇಳಿರದ ಮೂರನೆಯ ದನಿಯೊಂದು ಅವರ ಹತ್ತಿರ ಇತ್ತು.

"ಇದೆ. ನೀ ಬಂದಾಗ ಬಗ್ಗತ್ತೆ."

ಮೇಡಂ ಮೂಲೆಯ ಬಟನ್ನಿನ ಹತ್ತಿರ ಹೋಗಿದ್ದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು. ಹಾಡು ಇದ್ದ ಹಾಗೆಯೇ ಶುಕ್ರವಾರ ರೇಡಿಯೋಗೆ ಹೋಯಿತು. ಬೀರು ಕೂಡ ಶುಕ್ರವಾರವೇ ಹೋಯಿತು. ಕೊಟ್ಟ ಮಾತು ಕೊಟ್ಟದ್ದೇ, ಬದುಕಿದರೂ ಅಷ್ಟೇ ಎಂದರು ಭಾವನ ಅಕ್ಕ.

ಭಾನುವಾರ ಬೆಳಿಗ್ಗೆ ಭಾವನಿಗೆ ಡ್ಯೂಟಿ ಇತ್ತು. ನಾನು ಮತ್ತು ಅಕ್ಕ ಮನೆಯಲ್ಲಿ ರೇಡಿಯೋ ಮುಂದೆ ಕೂತಿದ್ದೆವು. ಅವಳು ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಹಾಡು ಶುರುವಾಯಿತು. ಸೂಜಿ ಹೋದ ದಾರಿಯಲ್ಲೇ ಎನ್ನುವಾಗ ಅಕ್ಕ ತಲೆಯೆತ್ತಿ ಕಿಟಕಿಯ ಕಡೆ ನೋಡಿದಳು.

"ಬಸ್ಸಿನ ಸದ್ದೇ ಇಲ್ವಲ್ಲೋ."

ಇರಲಿಲ್ಲ. ಹೊರಡುವ ಹೊತ್ತು ಮೀರಿತ್ತು. ಡಿಪೋದ ಅಷ್ಟೂ ಎಂಜಿನ್ನುಗಳು ಆರಿದ್ದವು. ಎರಡು ಬೀದಿ ಆಚೆ, ಇಡೀ ಊರಿನ ಬಸ್ಸುಗಳು ತಲೆ ತಗ್ಗಿಸಿ ನಿಂತಿದ್ದವು. ತನ್ನ ಜೀವಮಾನದಲ್ಲಿ ಒಂದು ನಿಮಿಷ ತಡ ಮಾಡದ ಟೈಮ್ ಕೀಪರ್ ನಮ್ಮ ಭಾವ. ಅಕ್ಕ ಸೂಜಿಯನ್ನು ಹಾಗೇ ಹಿಡಿದುಕೊಂಡು ಕೂತಳು. ಹಾಡಿನ ಕೊನೆಯ ಸಾಲು ಬಂತು, ಕೊನೆಯ ಉಸಿರು ಬಂತು, ಮುಗಿಯಿತು.

ಮುಗಿದದ್ದೇ ತಡ, ಎರಡು ಬೀದಿ ಆಚೆಯಿಂದ ಸಿಡಿಲಿನ ಹಾಗೆ ಬಂತು.

"ಹೊರಡ್ರೋ!"

ಒಂದರ ಹಿಂದೆ ಒಂದು ಎಂಜಿನ್ನುಗಳು ಗುಡುಗಿದವು. ಬೀದಿಯಲ್ಲಿ ಮಕ್ಕಳು ಎದ್ದು ಹಲ್ಲುಜ್ಜಲು ಓಡಿದರು. ಅಕ್ಕ ದಾರವನ್ನು ಹಲ್ಲಿಂದ ಕಚ್ಚಿ ಕತ್ತರಿಸಿ, ಗುಂಡಿಯನ್ನು ಒಮ್ಮೆ ಎಳೆದು ನೋಡಿ ಹೇಳಿದಳು.

"ರಿಲೀಸ್ ಸ್ವಲ್ಪ ಫಾಸ್ಟಾಯ್ತು."

ಆಮೇಲೆ ಮಷೀನಿಗೆ ಬಟ್ಟೆ ಕೊಟ್ಟು, ಕಾಲು ಒತ್ತುವ ಮುಂಚೆಯೇ ಹಾಡತೊಡಗಿದಳು.